ಖಣಿ ಮಣ್ಣಿನಲ್ಲಿ ಮೂರೆಲೆ

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಗಂಡನ ಮನೆಯ ಹೊಲ ಪಾಲಾದಾಗ ನಮ್ಮವರಿಗೆ ಬಂದದ್ದು ಗರಸಿನ ಖಣಿ. ಘೋಡಗೇರಿಯ ದಿನ್ನೆಯ ಮೇಲಿದ್ದ ಆ ಹೊಲವನ್ನು ರಸ್ತೆ ಹಾಕುವವರು ಗರಸು ಎಂಬ ಜಲ್ಲಿಮಣ್ಣಿಗಾಗಿ ಅಗೆದು, ಕೆಲಸ ಮುಗಿದ ಮೇಲೆ ಹಾಗೇ ಬಿಟ್ಟು ಹೋಗಿದ್ದರು. ತಳದಲ್ಲಿ ಬಿಳಿಚಿದ ಗಟ್ಟಿ ನೆಲ, ಅಂಚಿನಲ್ಲಿ ಕಲ್ಲು ಬೆರೆತ ಮೇಲ್ಮಣ್ಣಿನ ಗುಡ್ಡೆಗಳು. ಎರೆಹೊಲವೆಲ್ಲ ಅಣ್ಣಂದಿರಿಗೆ ಹೋಯಿತು. ಹಿರಿಯರು ಮಾಡಿದ ಪಾಲು ಎಂದು ನಮ್ಮವರು ಸುಮ್ಮನಾದರು. ಸುಮ್ಮನಿರುವುದು ನನಗೆ ಬರುವ ವಿದ್ಯೆಯಲ್ಲ, ಆದರೂ ಸುಮ್ಮನಿದ್ದೆ.

ಅದಕ್ಕೆ ಕಾರಣವಿತ್ತು. ನಾನು ಗೋಕಾಕ ಫಾಲ್ಸಿನ ನೂಲಿನ ಗಿರಣಿಯ ಕೆಲಸಗಾರರ ಚಾಳಿನಲ್ಲಿ ಬೆಳೆದವಳು. ಅಲ್ಲಿ ನಳದ ನೀರು, ಗುಂಡಿ ಒತ್ತಿದರೆ ದೀಪ. ಗಿರಣಿಯಲ್ಲಿದ್ದ ನನ್ನ ಅಣ್ಣ ನಮ್ಮವರಿಗೂ ಒಂದು ಕೆಲಸ ನೋಡಿಟ್ಟಿದ್ದ. ಖಣಿಯಲ್ಲಿ ಏನೂ ಬೆಳೆಯುವುದಿಲ್ಲ ಎಂದಾದರೆ ಅಲ್ಲಿಗೆ ಹೋಗುವುದೆಂದು ಮಾತಾಗಿತ್ತು. ನಾನು ಟ್ರಂಕಿಗೆ ಸೀರೆ ತುಂಬಿಟ್ಟೇ ಕಾಯುತ್ತಿದ್ದೆ. ನಮ್ಮವರು ಮಾತ್ರ ಒಮ್ಮೆ ಗಿರಣಿಯ ಒಳಗೆ ಹೋಗಿ ಬಂದು, "ಆ ಸಪ್ಪಳದಾಗ ನನ್ನ ಉಸರ ನನಗ ಕೇಳಲಿಲ್ಲ" ಎಂದಿದ್ದರು.

ಬೇಸಾಯ ಇಲಾಖೆಯವರನ್ನು ನಮ್ಮ ಕಡೆ ಶೇತ್ಕಿಯವರು ಎನ್ನುತ್ತಿದ್ದರು. ಹುಕ್ಕೇರಿಯಿಂದ ಬಂದ ಅಂಥವರೊಬ್ಬರು ಖಣಿ ನೋಡಿ ಹೇಳಿದರು:

"ಹೊಲಕ್ಕ ಬೀಜ ಚೆಲ್ಲಿ ಕಳಕೋಬ್ಯಾಡ್ರಿ. ಮೊದಲ ಗಡಿಗ್ಯಾಗ ಹಾಕಿ ನೋಡ್ರಿ. ತಳದ ಮಣ್ಣು ಒಂದರಾಗ, ಗುಡ್ಡಿ ಮಣ್ಣು ಒಂದರಾಗ, ಅಣ್ಣಾರ ಹೊಲದ ಎರಿ ಮಣ್ಣು ಇನ್ನೊಂದರಾಗ. ಮಳಕಿ ಒಡದ ಕೂಡ್ಲೆ ಕುಣೀಬ್ಯಾಡ್ರಿ ಮತ್ತ. ಮಳಕಿ ಒಡಿಯೂದು ಕಾಳಿನ ತಾಕತ್ತು, ಮುಂದ ನಿಂದರೂದು ಮಣ್ಣಿನ ತಾಕತ್ತು."

ನೀರು ಹಾಕುವ ಕೆಲಸ ನನಗೆ ಬಂತು. "ನಿನ್ನ ಕೈಯಾಗ ಇರಲಿ" ಎಂದರು ನಮ್ಮವರು. ಬೆಕ್ಕನ್ನು ಹಾಲಿಗೆ ಕಾವಲು ಇಟ್ಟ ಹಾಗಾಯಿತು. ಆದರೂ ಮೂರಕ್ಕೂ ಒಂದೇ ತಂಬಿಗೆಯಿಂದ ಸಮನಾಗಿ ಹಾಕಿದೆ. ನನಗೆ ಸಿಟ್ಟು ಬೇಗ ಬರುತ್ತದೆ, ಮೋಸ ಬರುವುದಿಲ್ಲ.

ಜೋಳ ಮೂರರಲ್ಲೂ ಮೊಳೆಯಿತು. ಎರೆ ಮಣ್ಣಿನದು ಎದ್ದು ನಿಂತಿತು. ತಳದ ಮಣ್ಣಿನದು ಹಳದಿಯಾಗಿ ಒರಗಿತು, ಗುಡ್ಡೆ ಮಣ್ಣಿನದು ಇನ್ನಷ್ಟು ದಿನ ಹೆಣಗಿ ಅದೂ ಮಲಗಿತು. ಅಂದು ನಾನು ಸಿಹಿ ಮಾದಲಿ ಮಾಡಿದೆ. ಅತ್ತೆ ಬಾಯಿಗೆ ಹಾಕಿಕೊಂಡು, "ಇವತ್ತ ಯಾವ ಹಬ್ಬ ಐತೆವ್ವಾ?" ಎಂದು ಕೇಳಿದರು. ನಾನು ಅತ್ತ ಹೊರಳಿ ಒಲೆ ಊದಿದೆ.

ಅತ್ತೆ ಬಿಡುವವರಲ್ಲ. "ಜ್ವಾಳ ಗಿರಣಿ ಚಾಳಿನ ಸೊಸಿ ಇದ್ದಂಗ, ಎಲ್ಲಿ ಬೇಕಲ್ಲಿ ನಿಂದರೂದಿಲ್ಲ. ಹುಳ್ಳಿ ಹಾಕಿ ನೋಡು" ಎಂದು ಮಗನಿಗೆ ಹೇಳಿದರು. ಹುಳ್ಳಿ ಎಂದರೆ ಹುರಳಿ. ಮಾತು ನನಗೇ ಎಂದು ಗೊತ್ತಾಗಿ ಉರಿದುಹೋಯಿತು. ಶೇತ್ಕಿಯವರೂ ಒಪ್ಪಿದರು: ಮೊದಲ ಎರಡೆಲೆ ಕಾಳಿನವು, ಆಮೇಲೆ ಒಂದೇ ತೊಟ್ಟಿಗೆ ಮೂರೆಲೆ ಬಂದರೆ ಮಣ್ಣು ಕೈ ಹಿಡಿಯಿತು ಎಂದು ತಿಳಿಯಿರಿ ಎಂದರು. "ಇದೂ ಹೋದ್ರ ಗಿರಣಿ" ಎಂದರು ನಮ್ಮವರು. ಅವತ್ತು ಅವರು ಊಟ ಅರ್ಧಕ್ಕೇ ಬಿಟ್ಟು ಎದ್ದರು.

ಈ ಸಲವೂ ತಳದ ಮಣ್ಣಿನದು ಒಣಗಿತು. ಗುಡ್ಡೆ ಮಣ್ಣಿನದು ಎರಡೆಲೆಗೆ ನಿಂತುಬಿಟ್ಟಿತು, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ಒಂದು ಬೆಳಿಗ್ಗೆ ನೀರು ಹಾಕಲು ಬಗ್ಗಿದರೆ, ಎರಡೆಲೆಯ ನಡುವೆ ಪುಟ್ಟ ಮೂರೆಲೆ ಬಿಚ್ಚಿಕೊಂಡಿತ್ತು. ಅಂಗಳದಲ್ಲಿ ಯಾರೂ ಇರಲಿಲ್ಲ. ಚಿವುಟಿ ಹಾಕಿದ್ದರೆ ಕೇಳುವವರೇ ಇರಲಿಲ್ಲ ಎಂಬ ಯೋಚನೆ ನನಗೆ ಬಂದದ್ದು ಮಧ್ಯಾಹ್ನ ರೊಟ್ಟಿ ಬಡಿಯುವಾಗ. ಬೆಳಿಗ್ಗೆ ಗಡಿಗೆಯ ಮುಂದೆ ನನ್ನ ಬಾಯಿಗೆ ಬಂದದ್ದು ಕೂಗು ಮಾತ್ರ.

"ಮೂರೆಲಿ ಬಂದೈತಿ, ಲಗೂನ ಬರ್ರಿ."

ನಮ್ಮವರು ಬಾಯಲ್ಲಿದ್ದ ಬೇವಿನ ಕಡ್ಡಿಯ ಸಮೇತ ಓಡಿ ಬಂದರು. ಅತ್ತೆ ಬಗ್ಗಿ ನೋಡಿ, "ಥೇಟ್ ಬಿಲ್ವಪತ್ರಿ ಇದ್ದಂಗ ಐತಿ" ಎಂದು ಗಡಿಗೆಗೆ ವಿಭೂತಿ ಹಚ್ಚಿದರು.

ಸಂಜೆ ನಮ್ಮವರು ಮೆಲ್ಲಗೆ ಕೇಳಿದರು. "ಟ್ರಂಕ ತುಂಬಿ ಇಟ್ಟಾಕಿ, ಹಂಗ್ಯಾಕ ಒದರಿದಿ?"

"ನೀರ ಹಾಕಿದಾಕಿ ನಾನಲ್ಲೇನ್ರಿ?" ಎಂದು ರೇಗಿದೆ. ಅವರು ನಕ್ಕರು. ಎಷ್ಟೋ ದಿನಗಳ ಮೇಲೆ ನಕ್ಕದ್ದು, ನನಗೂ ಹಿತವಾಯಿತು.

ಆ ವರ್ಷ ಗುಡ್ಡೆ ಮಣ್ಣನ್ನೆಲ್ಲ ಖಣಿಯ ತಳಕ್ಕೆ ಹರವಿ ಹುಳ್ಳಿ ಬಿತ್ತಿದೆವು. ನಾನು ಮಾತ್ರ ಸೀರೆಗಳನ್ನು ಟ್ರಂಕಿನಿಂದಲೇ ತೆಗೆದು ಉಟ್ಟು, ಒಗೆದು, ಮತ್ತೆ ಅಲ್ಲೇ ಮಡಚಿಡುತ್ತಿದ್ದೆ. ಒಕ್ಕಣೆ ಮುಗಿದ ಮೇಲೆ, ಮುಂದಿನ ಬಿತ್ತನೆಯ ಬೀಜ ಇಡಲು ಇಲಿ ಮುಟ್ಟದ ಜಾಗ ಎಲ್ಲಿದೆ ಎಂದು ಅತ್ತೆ ಮನೆಯೆಲ್ಲ ಹುಡುಕಾಡಿದರು. ಟ್ರಂಕಿನ ಮಾತು ಯಾರೂ ಎತ್ತಲಿಲ್ಲ. ನಾನೇ ಸೀರೆಗಳನ್ನು ತೆಗೆದು ಬಟ್ಟೆ ಹಾಕುವ ಗಳದ ಮೇಲೆ ಹಾಕಿ, ಹುಳ್ಳಿಗೆ ಬೂದಿ ಬೆರೆಸಿ ಅದರಲ್ಲಿ ತುಂಬಿದೆ.