ಡೂಗಿಯ ಹನ್ನೆರಡು ಹೆಜ್ಜೆ

ಬ್ರೇಮಿಲ್ ರೋವರ್ಸ್ ಎಂಬ ಫುಟ್‌ಬಾಲ್ ತಂಡ ಕಲ್ಲಿದ್ದಲು ಗಣಿಯ ಜೊತೆ ಹುಟ್ಟಿ, ಗಣಿ ಮುಚ್ಚಿದ ಮೇಲೆ ಆಡಲು ಹನ್ನೊಂದು ಜನ ಸಿಗದೆ ಕಣ್ಣುಮುಚ್ಚಿತು. ಅದರ ತೊಂಬತ್ತು ವರ್ಷದ ಬಾಳಿನಲ್ಲಿ ಮೂವತ್ತೆಂಟು ವರ್ಷ ಮೈದಾನಕ್ಕೆ ಸುಣ್ಣದ ಗೆರೆ ಎಳೆದವನು ಐಸಾ ಪರ್ಡಿಯ ಗಂಡ ಡೂಗಿ. ಕುಳ್ಳ ಮನುಷ್ಯ. ಅಳತೆ ಟೇಪು ಮುಟ್ಟಿದವನಲ್ಲ. ನಿಯಮದ ಹನ್ನೆರಡು ಗಜಕ್ಕೆ ಗೋಲಿನ ಗೆರೆಯಿಂದ ಹನ್ನೆರಡು ಹೆಜ್ಜೆ ಎಣಿಸಿ ಪೆನಾಲ್ಟಿ ಚುಕ್ಕಿ ಇಡುತ್ತಿದ್ದ. ಚುಕ್ಕಿ ಗೋಲಿಗೆ ತೀರಾ ಹತ್ತಿರವಾಯಿತೆಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಐಸಾ ಮಾತ್ರ ಹನ್ನೆರಡು ಗಜವೆಂದರೆ ಹನ್ನೆರಡೇ ಗಜ ಎಂದು ಎಲ್ಲರ ಬಾಯಿ ಮುಚ್ಚಿಸುತ್ತಿದ್ದಳು. ಈ ವಿಷಯಕ್ಕೆ ಸ್ವಂತ ತಂಗಿಯ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದಳು, ಪುಣ್ಯಾತ್ಗಿತ್ತಿ!

ಡೂಗಿ ತೀರಿಕೊಂಡಾಗ ಅವನ ಬೂದಿಯನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಆ ಚುಕ್ಕಿಯ ಕೆಳಗೇ ಹೂತಿದ್ದರು. ಆಗ ಸುಣ್ಣ ಇನ್ನೂ ಕಾಣುತ್ತಿತ್ತು. ಈಗ ಮೊಣಕಾಲುದ್ದ ಹುಲ್ಲು. ಸೋಮವಾರ ಬುಲ್ಡೋಜರ್ ಬರುತ್ತದೆ, ಆಮೇಲೆ ಮನೆಗಳು ಏಳುತ್ತವೆ. ಯಾರದೋ ಅಡುಗೆಮನೆಯ ಅಡಿಯಲ್ಲಿ ಗಂಡನನ್ನು ಬಿಟ್ಟು ಐಸಾಳಿಗೆ ನಿದ್ದೆ ಹೇಗೆ ಬಂದೀತು?

ಶನಿವಾರ ಮಧ್ಯಾಹ್ನ, ಹಿಂದೆ ಆಟ ಶುರುವಾಗುತ್ತಿದ್ದ ಮೂರು ಗಂಟೆಗೆ, ತಂಡದ ಕೊನೆಯ ಗೋಲ್‌ಕೀಪರ್ ರ‍್ಯಾಬ್ ಟೆನಂಟ್‌ನನ್ನು ಕರೆದುಕೊಂಡು ಹೋದಳು. ಕಡಲ ಮಂಜು ಮೈದಾನಕ್ಕೆ ಇಳಿದಿತ್ತು. ಗೋಲುಕಂಬಗಳನ್ನು ಕೊಯ್ದು ಉಳಿದ ಮೋಟುಗಳೆರಡು ಹೇಗೋ ಸಿಕ್ಕವು.

"ಟೇಪು ಹಿಡಿಯೋ. ಹನ್ನೆರಡು ಗಜ."

"ಐಸಕ್ಕಾ, ಡೂಗಿಯಣ್ಣನ ಗಜ ಒಂಚೂರು ಬೇರೆ..."

"ಸುಮ್ನೆ ಅಳತೆ ಹಾಕು."

ರ‍್ಯಾಬ್ ಅಳೆದ, ಅಗೆದ. ಮಂಡಿಯಾಳದ ಗುಂಡಿಯಾಯಿತು. ಬರೀ ಮಣ್ಣು. ಅವನು ಸಲಿಕೆಗೆ ಒರಗಿ ನಿಂತು ಗೋಲಿನ ಕಡೆ ನೋಡಿದ. ಆ ನೋಟ ಅವಳಿಗೆ ಚುಚ್ಚಿತು.

ಐಸಾ ಎರಡು ಮೋಟುಗಳ ನಡುವೆ ಹೋಗಿ ನಿಂತು ಕಣ್ಣು ಮುಚ್ಚಿದಳು. ಮಂಜಿನೊಳಗಿಂದ, ಆಟದ ದಿನ ಮಾರುತ್ತಿದ್ದ ಬಿಸಿ ಮಾಂಸದ ಪೈ ವಾಸನೆ ಬಂದಂತಾಯಿತು. ಗಣಿಯಿಂದ ನೇರ ಬಂದವರ ಕೆಮ್ಮು, ಗೊಣಗಾಟ ಎಲ್ಲ ಬೇಲಿಯುದ್ದಕ್ಕೂ ಸೇರಿಕೊಂಡವು. ಪಕ್ಕದಲ್ಲಿ ಡೂಗಿ ಇದ್ದ. ನಲವತ್ತು ವರ್ಷ ಅವನ ತೋಳು ಹಿಡಿದು, ತನ್ನ ಉದ್ದ ಕಾಲಿನ ಹೆಜ್ಜೆಯನ್ನು ಅವನಿಗಾಗಿ ಮೊಟಕು ಮಾಡಿಕೊಂಡು ನಡೆದವಳು ಅವಳು. ಕಾಲುಗಳು ಆ ನಡಿಗೆಯನ್ನು ಮರೆತಿರಲಿಲ್ಲ. ಒಂದು, ಎರಡು, ಮೂರು... ಹನ್ನೆರಡಕ್ಕೆ ನಿಂತು ಕಣ್ಣು ಬಿಟ್ಟಳು. ರ‍್ಯಾಬ್‌ನ ಗುಂಡಿ ಇನ್ನೂ ಒಂದು ಗಜ ಮುಂದಿತ್ತು.

"ಇಲ್ಲಿ ಅಗಿ."

ಸ್ವಲ್ಪ ಅಗೆಯುವುದರೊಳಗೆ ಸಲಿಕೆ ತಗಡಿಗೆ ತಗುಲಿತು.

ಡಬ್ಬಿಯನ್ನು ಕೋಟಿನೊಳಗೆ ಅವಚಿಕೊಂಡು ಐಸಾ ಒದ್ದೆ ಹುಲ್ಲಿನ ಮೇಲೇ ಕುಳಿತುಬಿಟ್ಟಳು. ಅಳು ಬಂತು, ಅದರ ಹಿಂದೆಯೇ ನಗುವೂ ಬಂತು.

"ನಂಗೆ ಮೊದ್ಲಿಂದ್ಲೂ ಗೊತ್ತಿತ್ತು ಕಣೋ, ಒಂದು ಗಜ ಕಮ್ಮಿ ಅಂತ," ಅಂದಳು. "ಒಪ್ಕೊಂಡಿದ್ರೆ ಅವ್ನು ನೊಂದ್ಕೋತಿದ್ದ. ನನ್ ತಂಗಿಗೆ ಮಾತ್ರ ಹೇಳ್ಬೇಡ."