ಅಕ್ಕನ ಮನೆಗೆ ಹೇಳಿಕೆ

ನಮ್ಮ ಕಡೆ ಮದುವೆಯ ಕಾಗದ ಕೊಟ್ಟ ಮಾತ್ರಕ್ಕೆ ಕರೆದಂತಾಗುವುದಿಲ್ಲ. ಮನೆಗೆ ಹೋಗಿ, ಚಾವಡಿಯಲ್ಲಿ ಕೂತು, ಅವರು ಕೊಟ್ಟ ಬೆಲ್ಲ ನೀರು ಕುಡಿದು, ‘ಇಂಥ ದಿನ ಮಗಳ ಮದುವೆ, ಎಲ್ಲರೂ ಬರಬೇಕು’ ಎಂದು ಬಾಯಿಬಿಟ್ಟು ಹೇಳಬೇಕು. ಅದಕ್ಕೆ ಹೇಳಿಕೆ ಎನ್ನುತ್ತೇವೆ. ಹೇಳಿಕೆ ಸರಿಯಾಗದಿದ್ದರೆ ಕಾಗದದ ಮೇಲೆ ಬಂಗಾರದ ಗಣಪತಿ ಇದ್ದರೂ ಜನ ಬರುವುದಿಲ್ಲ. ಮಗಳ ಮದುವೆ ನಿಶ್ಚಯವಾದಾಗ ನನಗೆ ಬಾಯಿ ಇತ್ತು, ಸ್ವರ ಇರಲಿಲ್ಲ.

ಅದಕ್ಕೆ ಹಿಂದಿನ ವರ್ಷ ಮಣಿಪಾಲದಲ್ಲಿ ಗಂಟಲಿನ ಕ್ಯಾನ್ಸರಿಗಾಗಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಕಾಪುವಿನಲ್ಲಿ ಪೇಂಟಿನ ಅಂಗಡಿ ಇಟ್ಟುಕೊಂಡು ಬೆಳಗಿನಿಂದ ಸಂಜೆವರೆಗೆ ಕೂಗಾಡುತ್ತಿದ್ದವನು ನಾನು. ಮೊದಲು ಕುತ್ತಿಗೆಗೆ ಒತ್ತಿ ಹಿಡಿದು ಮಾತಾಡುವ ಒಂದು ಸಾಧನ ಕೊಟ್ಟರು. ನಾನು ಮಾತಾಡಿದರೆ ಮಿಕ್ಸಿಯೊಳಗೆ ಯಾರೋ ಸಿಕ್ಕಿಬಿದ್ದ ಹಾಗೆ ಕೇಳುತ್ತಿತ್ತು. ನಮ್ಮ ನಾಯಿ ಮಂಚದಡಿ ಸೇರಿತು. ಆಮೇಲೆ ಸ್ಪೀಚ್ ಥೆರಪಿಸ್ಟ್ ಹುಡುಗಿ ಟ್ಯಾಬ್ ತೋರಿಸಿದಳು. ಬರೆದರೆ ಅದು ಓದಿ ಹೇಳುತ್ತದೆ. ಬೇಕಾದ ವಾಕ್ಯವನ್ನು ಮೊದಲೇ ತುಂಬಿಟ್ಟು ಒಂದು ಗುಂಡಿ ಒತ್ತಿದರೂ ಸಾಕು.

ನಮ್ಮ ಮನೆಮಾತು ತುಳು, ಟ್ಯಾಬಿಗೆ ಬರುವುದು ಕನ್ನಡ, ಅದೂ ವಾರ್ತೆ ಓದುವವರ ಕನ್ನಡ. ಅದರ ಎದುರು ನಮ್ಮವರೂ ತಾವಾಗಿಯೇ ಕನ್ನಡಕ್ಕೆ ಹೊರಳುತ್ತಿದ್ದರು, ಮನೆಗೆ ಹೊರಗಿನ ಅತಿಥಿ ಬಂದ ಹಾಗೆ. ಸ್ವರ ಹೋದವನಿಗೆ ಕಿವಿಯೂ ಹೋಗಿದೆ ಎಂದುಕೊಂಡು ಕಿರುಚುತ್ತಿದ್ದವರು ಬೇರೆ. ಅವರಿಗೆ ಏನು ಹೇಳಬೇಕೆಂದು ನನಗೆ ಗೊತ್ತಿತ್ತು, ಆದರೆ ಅದನ್ನು ಟ್ಯಾಬಿನ ಬಾಯಲ್ಲಿ ಹೇಳಿಸಲು ಮನಸ್ಸಾಗಲಿಲ್ಲ.

ಹೇಳಿಕೆಗೆಂದು ಒಂದು ಒಳ್ಳೆಯ ವಾಕ್ಯ ತುಂಬಿಸಿಕೊಂಡು ಹೆಂಡತಿಯೊಡನೆ ಹೊರಟೆ. ಎಲ್ಲ ಕಡೆ ಭಾರೀ ಮರ್ಯಾದೆ. ಉಚ್ಚಿಲದ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ನನ್ನನ್ನು ಬಿಟ್ಟು ಟ್ಯಾಬಿಗೇ ಕೈಮುಗಿದು, “ಆಯಿತು, ಖಂಡಿತ ಬರ್ತೇವೆ” ಎಂದರು. ನಿಟ್ಟೆಯಲ್ಲಿ ಮಕ್ಕಳು ಇನ್ನೊಮ್ಮೆ ಒತ್ತಿ ಎಂದು ಹಟ ಹಿಡಿದರು. ನನಗೂ ಸ್ವಲ್ಪ ಕೋಡು ಮೂಡಿತ್ತೆನ್ನಿ.

ಉಳಿದದ್ದು ಕಾರ್ಕಳದಲ್ಲಿ ಅಕ್ಕನ ಮನೆ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ಫೋನಿನಲ್ಲಿ ಕರೆದರು ಎಂಬ ಒಂದೇ ಕಾರಣಕ್ಕೆ ಸ್ವಂತ ಚಿಕ್ಕಪ್ಪನ ಮಗನ ಮದುವೆಗೆ ಹೋಗದವಳೂ ಅವಳೇ. ಅವಳು ಬಾರದೆ ನನ್ನ ಮಗಳ ಮದುವೆ ನಡೆಯುವುದನ್ನು ನನಗೆ ಎಣಿಸಲೂ ಆಗುತ್ತಿರಲಿಲ್ಲ. “ಅಲ್ಲಿ ನಾನೇ ಹೇಳ್ತೇನೆ, ನೀವು ಪಕ್ಕದಲ್ಲಿ ಕೂತುಕೊಳ್ಳಿ” ಎಂದಳು ಹೆಂಡತಿ. ನಾನು ಕಣ್ಣು ಕೆಕ್ಕರಿಸಿದೆ. ಅದಕ್ಕೆ ಟ್ಯಾಬ್ ಬೇಕಾಗಲಿಲ್ಲ.

ಅಕ್ಕ ಬಾಯಿತುಂಬ ಎಲೆಯಡಿಕೆ ಹಾಕಿಕೊಂಡು ಕೂತಿದ್ದಳು. ನಾನು ಗುಂಡಿ ಒತ್ತಿದೆ.

“ತಾವು ಕುಟುಂಬ ಸಮೇತರಾಗಿ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕಾಗಿ ವಿನಂತಿ.”

ಅಕ್ಕನ ಮುಖ ಬಿಗಿಯಿತು. “ಇದು ಯಾರನ್ನು ಕರೆದದ್ದು?”

“ಪಾಪ, ಅವನಿಗೆ ಮಾತಾಡ್ಲಿಕ್ಕೆ ಆಗುವುದಿಲ್ಲ ಅಲ್ವಾ?” ಎಂದರು ಭಾವ.

“ಅದಲ್ಲ ವಿಷಯ. ಪಂಚಾಯತಿನ ಅಧ್ಯಕ್ಷರನ್ನು ಕರೆದ ಹಾಗೆ ಕರೆದ. ನನ್ನನ್ನು ತಾವು ಅಂತೆ. ನನಗೆ ಹೇಳಿಕೆ ಆಗಲಿಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. ಅವಳು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಇನ್ನೂ ಸಿಟ್ಟು. ಟ್ಯಾಬನ್ನು ತೊಡೆಯ ಮೇಲಿಟ್ಟು ಬರೆಯತೊಡಗಿದೆ. ಹೆಂಡತಿ ಅಭ್ಯಾಸದಂತೆ ಇಣುಕಿ ನೋಡಿ, “ಇವರು ಹೇಳುವುದು ಎಂತ ಅಂದ್ರೆ…” ಎಂದು ಶುರುಮಾಡಿದಳು.

“ನೀನು ಸುಮ್ಮನಿರು ಮಾರಾಯ್ತಿ. ಅವನೇ ಹೇಳಲಿ” ಎಂದು ಅಕ್ಕ ಅವಳನ್ನು ತಡೆದಳು.

ನನ್ನ ದಪ್ಪ ಬೆರಳಿಗೆ ಅಕ್ಷರಗಳು ಸಿಗಲು ಹೊತ್ತಾಯಿತು. ಕೊನೆಗೆ ಟ್ಯಾಬ್ ಅದೇ ವಾರ್ತೆಯ ದನಿಯಲ್ಲಿ ಓದಿತು:

“ಬಂದರೆ ಬಾ, ಇಲ್ಲದಿದ್ದರೆ ಇಲ್ಲೇ ಕೂತು ಎಲೆ ತಿನ್ನು. ನೀನಲ್ಲದೆ ಬೇರೆಯವರು ನನ್ನ ಮಗಳಿಗೆ ಮಲ್ಲಿಗೆ ಮುಡಿಸಲು ನಾನು ಬಿಡುವುದಿಲ್ಲ. ಬೋಳು ಜಡೆಯಲ್ಲಿ ಅವಳು ಮಂಟಪಕ್ಕೆ ಬಂದರೆ ಪಾಪ ನಿನಗೇ.”

ಅಕ್ಕ ನಗಲೂ ಆಗದೆ, ಎಲೆಯಡಿಕೆ ನುಂಗಲೂ ಆಗದೆ ಅಂಗಳಕ್ಕೆ ಓಡಿದಳು. ಉಗಿದು, ಬಾಯಿ ತೊಳೆದು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಂದಳು. “ಹೀಗೆ ಹೇಳಬೇಕು. ಈಗ ಆಯಿತು.” ನಾನೂ ನಗುತ್ತಿದ್ದೆ. ನನ್ನ ನಗುವಿಗೆ ಸದ್ದಿಲ್ಲ, ಭುಜ ಮಾತ್ರ ಕುಣಿಯುತ್ತದೆ.

“ಮದುವೆಗೆ ಎಂತ ಪಾಯಸ?” ಕೂರುವ ಮೊದಲೇ ಕೇಳಿದಳು.

‘ಗೋಧಿ’ ಎಂದು ಬರೆದೆ.

“ಗೋಧಿಯಾ? ಮರ್ಯಾದೆ ಉಂಟಾ ನಿನಗೆ? ಹೆಸರುಬೇಳೆ ಮಾಡಿಸು.”

ಆಪರೇಷನ್ ಆದಂದಿನಿಂದ ನಾನು ಏನು ಬರೆದು ತೋರಿಸಿದರೂ ಎಲ್ಲರೂ ಹೌದು ಹೌದು ಎನ್ನುತ್ತಿದ್ದರು. ಅಂಗಡಿಯಲ್ಲಿ ಗಿರಾಕಿಗಳು ಚೌಕಾಸಿ ಬಿಟ್ಟಿದ್ದರು. ಮನೆಯಲ್ಲಿ ಯಾರೂ ಎದುರಾಡುತ್ತಿರಲಿಲ್ಲ. ಅಷ್ಟು ಕಾಲದ ಮೇಲೆ ಒಬ್ಬಳು ನನ್ನ ಮಾತನ್ನು ಮಾತೆಂದು ಎಣಿಸಿ ಜಗಳಕ್ಕೆ ನಿಂತಿದ್ದಳು. ಖುಷಿಯಲ್ಲಿ ಬೆರಳು ತಪ್ಪುತ್ತಿತ್ತು. ಅಳಿಸಿ ಅಳಿಸಿ ಬರೆದೆ. ಅಕ್ಕ ಸೊಂಟದ ಮೇಲೆ ಕೈಯಿಟ್ಟು, ಉತ್ತರಕ್ಕೆ ಉತ್ತರ ಸಿದ್ಧಮಾಡಿಕೊಂಡು, ನಾನು ಮುಗಿಸುವುದನ್ನೇ ಕಾಯುತ್ತಿದ್ದಳು.