ಹಲ್ಲು ಪೂರ್ತಿ ಇದ್ದವರು ಮಾತ್ರ

ಹೋದ ವರ್ಷ, ನಮ್ಮ ಕಡೆ ಹತ್ತಿ ಬಿಡಿಸುವ ದಿನಗಳು. ನಾನು ಗದ್ವಾಲ ಸೀಮೆಯ ಮಲ್ದಕಲ್ ಹತ್ತಿರ, ಕನ್ನಡ ತೆಲುಗು ಎರಡೂ ಆಡುವ ಊರೊಂದರಲ್ಲಿ ಅಂಗನವಾಡಿ ಟೀಚರ್. ಯಾವುದೋ ದಂತ ಕಾಲೇಜಿನಿಂದ ಫೋನ್ ಬಂತು. "ನಿಮ್ಮೂರಿಗೆ ಹಲ್ಲಿನ ಡಾಕ್ಟರು ಬರ್ತಾರೆ, ಜನರನ್ನು ಸೇರಿಸಿ" ಎಂದರು. ಎರಡು ದಿನ ಮನೆಮನೆಗೆ ಹೋಗಿ ಹೇಳಿ ಬಂದೆ.

ಕೂಲಿ ಬಿಟ್ಟು ಮೂವತ್ತು ನಲವತ್ತು ಜನ ಬಂದರು. ಎಲ್ಲರಿಗಿಂತ ಮೊದಲು ಬಂದು ಕೂತವಳು ನಮ್ಮ ಓಣಿಯ ಶಾಂತಮ್ಮ. ಎಡಗೆನ್ನೆ ಊದಿ ಕಣ್ಣು ಅರ್ಧ ಮುಚ್ಚಿತ್ತು. ನಾಲ್ಕು ದಿನದಿಂದ ಗಂಜಿ ಬಿಟ್ಟು ಬೇರೇನೂ ಒಳಗೆ ಹೋಗಿರಲಿಲ್ಲ.

ಬಂದವರು ಒಬ್ಬ ಹಿರಿಯ ಡಾಕ್ಟರು, ಜೊತೆಗೊಬ್ಬ ಲೇಡಿ ಡಾಕ್ಟರು. ಜನರಿಗೆ ಧೈರ್ಯ ಬರಲೆಂದು ಮೊದಲು ನನ್ನನ್ನೇ ಕೂರಿಸಿದರು. ಪುಟ್ಟ ತಟ್ಟೆಯಲ್ಲಿ ಗುಲಾಬಿ ಬಣ್ಣದ ಮುದ್ದೆ ತುಂಬಿ ಮೇಲಿನ ದವಡೆಗೆ ಒತ್ತಿದರು. ಗಟ್ಟಿಯಾಗುವವರೆಗೆ ಮಾತಾಡಬಾರದಂತೆ. ಹೀಗೆ ನೂರಾರು ಜನರ ಹಲ್ಲಿನ ಸಾಲಿನ ಅಚ್ಚು ತೆಗೆದು, ಅದರ ಸರಾಸರಿ ಆಕಾರವೇನು, ಯಾರದು ಅದಕ್ಕಿಂತ ಎಷ್ಟು ಬೇರೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆಂದು ಲೇಡಿ ಡಾಕ್ಟರು ಹೇಳಿದರು. ಆಗಲೇ ನನಗೆ ಏನೋ ಅನುಮಾನ.

ಅಷ್ಟರಲ್ಲಿ ಹಿರಿಯರು ಶಾಂತಮ್ಮನ ಬಾಯಿಗೆ ಟಾರ್ಚ್ ಹಿಡಿದು ನೋಡಿ, "ಈಕೆ ಬೇಡ. ಹಲ್ಲು ಪೂರ್ತಿ ಇದ್ದವರು ಮಾತ್ರ" ಎಂದು ತೆಲುಗಿನಲ್ಲಿ ಹೇಳಿದರು.

"ನೋವಿಗೆ ಒಂದು ಗುಳಿಗಿನಾರ ಕೊಡ್ರೀ ಸಾರ್" ಎಂದಳು ಶಾಂತಮ್ಮ.

"ಔಷಧಿ ತಂದಿಲ್ಲಮ್ಮ. ನಾವು ಅಳತೆಗೆ ಬಂದವರು."

ಶಾಂತಮ್ಮ ನನ್ನ ಕಡೆ ನೋಡಿದಳು. ನನ್ನ ಬಾಯಿತುಂಬ ಮುದ್ದೆ. ಕೈಹಾಕಿ ಅದನ್ನು ಕಿತ್ತು ತೆಗೆದೆ.

"ಅಳತಿ ಅಂತ ನೀವು ಫೋನಿನಾಗ ಹೇಳಲಿಲ್ಲ. ನಿಮ್ಮ ಮಾತು ನಂಬಿ ಈ ಮಂದಿನ ಕರದಾಕಿ ನಾನು. ನಾಳಿ ಇವರಿಗೆ ಏನ್ ಮಖ ತೋರಿಸ್ಲಿ?"

"ಒಪ್ಪಿಗೆ ಪತ್ರದಲ್ಲಿ ಎಲ್ಲಾ ಬರೆದಿದೆ" ಎಂದು ಹಿರಿಯರು ನಮ್ಮ ಸಹಿಗೆಂದು ತಂದಿದ್ದ ಹಾಳೆ ತೋರಿಸಿದರು. ಅದು ಇಂಗ್ಲಿಷಿನಲ್ಲಿತ್ತು. ಲೇಡಿ ಡಾಕ್ಟರಿಂದ ಸಾಲುಸಾಲಾಗಿ ಓದಿಸಿ, ಕನ್ನಡದಲ್ಲೂ ತೆಲುಗಿನಲ್ಲೂ ಎಲ್ಲರಿಗೂ ಕೇಳುವಂತೆ ಹೇಳಿದೆ. ಚಿಕಿತ್ಸೆ ಕೊಡುವುದಿಲ್ಲ ಎಂಬ ಮಾತು ಹಾಳೆಯ ಹಿಂಬದಿಯಲ್ಲಿ, ಕೊನೆಗೆ ಇತ್ತು.

ಸಾಲಿನಲ್ಲಿ ಮುಂದಿದ್ದವನು ಹಮಾಲಿ ಬಸಪ್ಪ, ಮೂವತ್ತೆರಡೂ ಹಲ್ಲಿದ್ದ ಗಟ್ಟಿ ಆಳು. ಅವನು ಎದ್ದು ನಿಂತ. "ಮದಲ ಆಕಿ ಬಾಯಿ ನೋಡ್ರಿ. ಆಮ್ಯಾಲ ನಮ್ಮ ಬಾಯಿ ತೆಗೀತೀವಿ."

ಅರ್ಧ ಗಂಟೆ ಒಬ್ಬರೂ ಬಾಯಿ ತೆರೆಯಲಿಲ್ಲ. ಕೊನೆಗೆ ಲೇಡಿ ಡಾಕ್ಟರೇ ಶಾಂತಮ್ಮನನ್ನು ತಮ್ಮ ಕಾರಿನಲ್ಲಿ ಗದ್ವಾಲದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಕೀವು ತೆಗೆದು ಔಷಧಿ ಕೊಟ್ಟರು. ಹೇಳಿದಂತೆ ಬಸಪ್ಪ ಅಚ್ಚು ಕೊಟ್ಟ. ಬಹಳ ಜನ ಮನೆಗೆ ಹೋದರು. ನನ್ನ ಅಚ್ಚು ಕೆಟ್ಟಿತ್ತು, ಮತ್ತೆ ಕೂರಿ ಎಂದರು. ನಾನು ಕೂರಲಿಲ್ಲ.

ಅವರ ಓದು ತಪ್ಪೆಂದು ನಾನು ಹೇಳುವುದಿಲ್ಲ. ನಾಳೆ ನಮ್ಮವರ ದವಡೆಗೆ ಸರಿಹೊಂದುವ ಕಟ್ಟುಹಲ್ಲು ಅದರಿಂದಲೇ ಬರಬಹುದು. ಆದರೆ ಡಾಕ್ಟರೆಂದು ಹೇಳಿ ಕರೆಸಿ, ನೋವಿದ್ದವಳನ್ನೇ ಬೇಡ ಅಂದರಲ್ಲ, ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಶಾಂತಮ್ಮ ಸಿಕ್ಕಾಗಲೆಲ್ಲ ಜನರ ಮುಂದೆ ನನ್ನನ್ನು ಹೊಗಳುತ್ತಾಳೆ. ಅದನ್ನು ಕೇಳಲು ನನಗೆ ನಾಚಿಕೆ. ಏನು, ಎತ್ತ ಎಂದು ಒಂದು ಮಾತೂ ವಿಚಾರಿಸದೆ ಅವಳನ್ನು ಅಲ್ಲಿ ಕೂರಿಸಿದ್ದು ನಾನೇ.